ಕಲಾ ವಿದ್ಯಾರ್ಥಿಗಳೂ ಗಣಕವಿದ್ಯೆಯೂ

ಪ್ರತಿವರ್ಷವೂ ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ಕಾಲಕ್ಕೆ ಕಲ್ಕತ್ತೆಯ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಬಗೆಯ ಸಮಾಲೋಚನೆ ನಡೆಯುತ್ತದೆ. ಅಂಕಗಳು ಸಾಕಷ್ಟು ಬಂದು ಹಣಕ್ಕೂ ಅನುಕೂಲವಿದ್ದರೆ ಇಂಜಿನಿಯರಿಂಗ್, ಇಲ್ಲವಾದರೆ ಬಿ.ಕಾಂ.; ಅದೂ ಕೂಡಿಬರದಿದ್ದರೆ, ಅಥವಾ ಮಗಳು ತಾನಾಗಿಯೇ ಇಷ್ಟಪಟ್ಟು ಹಟ ಹಿಡಿದರೆ, ಬಿ.ಎ. ಹೀಗೆ ಬಿ.ಎ. ಎಂದು ತೀರ್ಮಾನವಾದ ದಿನವೇ ತಂದೆ ಬೀದಿಯ ತಿರುವಿನ ಕಂಪ್ಯೂಟರ್ ತರಬೇತಿ ಕೇಂದ್ರವನ್ನು ವಿಚಾರಿಸಿಕೊಂಡು ಬರುತ್ತಾರೆ. 'ಸಾಹಿತ್ಯ ಓದಿದರೆ ಹೊಟ್ಟೆ ತುಂಬೀತೆ? ಜತೆಗೆ ಕಂಪ್ಯೂಟರೂ ಇರಲಿ' ಎಂಬುದು ಅವರ ನ್ಯಾಯವಾದ ಕಳವಳ. ಬೆಳಗಿನ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚುವವರ ಉಳಿತಾಯದಲ್ಲಿ ಒಂದು ಪಾಲು ಆ ಕೇಂದ್ರಕ್ಕೆ ಸಂದಾಯವಾಗುತ್ತದೆ. ಆರು ತಿಂಗಳ ಬಳಿಕ ಹುಡುಗಿಯ ಕೈಗೆ ಒಂದು ಸರ್ಟಿಫಿಕೇಟು ಬರುತ್ತದೆ. ಆಕೆ ಕಲಿತದ್ದೇನೆಂದು ವಿಚಾರಿಸಿದರೆ, ಕಾಗದ ಟೈಪು ಮಾಡುವುದು, ಕೋಷ್ಟಕದಲ್ಲಿ ಅಂಕಿ ತುಂಬುವುದು, ಚಿತ್ರಗಳನ್ನು ಸಾಲಾಗಿ ಜೋಡಿಸಿ ತೋರಿಸುವುದು, ಇಷ್ಟೇ.

ಈ ಕಲಿಕೆಯನ್ನು ನಾವು ಹೀಗಳೆಯುತ್ತಿಲ್ಲ. ನಮ್ಮ ಹಿಂದಿನ ತಲೆಮಾರಿನವರಲ್ಲಿ ಅನೇಕರು ಶೀಘ್ರಲಿಪಿ, ಟೈಪುರೈಟಿಂಗುಗಳ ಬಲದಿಂದಲೇ ಊರು ಬಿಟ್ಟು ಬಂದು ನಗರಗಳಲ್ಲಿ ನೆಲೆ ಕಂಡರೆಂಬುದು ಗುಮಾಸ್ತರ ಮನೆಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಆದರೆ ಯಂತ್ರವನ್ನು ಬಳಸಲು ಕಲಿಯುವುದು ಬೇರೆ, ಯಂತ್ರಕ್ಕೆ ಆಜ್ಞೆ ಕೊಡಲು ಕಲಿಯುವುದು ಬೇರೆ. ಎರಡನೆಯದಕ್ಕೆ ಪ್ರೋಗ್ರಾಂ ಬರೆಯುವುದು ಎಂದು ಹೆಸರು. ಬಿ.ಎ. ಓದುವ ಮಕ್ಕಳಿಗೆ ಮೊದಲನೆಯದೇ ಸಾಕು, ಎರಡನೆಯದು ಇಂಜಿನಿಯರಿಂಗಿನವರ ಸ್ವತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂದೂ, ಅದರಿಂದ ನಷ್ಟಕ್ಕೆ ಗುರಿಯಾಗುವವರು ಮುಖ್ಯವಾಗಿ ನಮ್ಮಂಥವರ ಮಕ್ಕಳೇ ಎಂದೂ ನಮ್ಮ ಅಭಿಪ್ರಾಯ.

ಪ್ರೋಗ್ರಾಮೆಂದರೆ ಏನೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಗಲ್ಲಾದ ಮೇಲಿರುವ ಬಿಲ್ಲಿನ ಯಂತ್ರವನ್ನೇ ನೋಡಿ. 65 ರೂಪಾಯಿಯ ದೋಸೆಗೆ ನೂರಕ್ಕೆ 5ರಂತೆ ಜಿ.ಎಸ್.ಟಿ. ಹಾಕಿದರೆ 3 ರೂಪಾಯಿ 25 ಪೈಸೆ. ಆದರೆ ಈ ತೆರಿಗೆಯು ಬಿಲ್ಲಿನಲ್ಲಿ ಕೇಂದ್ರದ ಎರಡೂವರೆ, ರಾಜ್ಯದ ಎರಡೂವರೆ ಎಂದು ಎರಡು ಸಾಲುಗಳಾಗಿ ಒಡೆಯುತ್ತದೆ. ಒಂದೊಂದು ಸಾಲಿಗೂ 1.625 ಬರುತ್ತದೆ. ಅದನ್ನು ಅಲ್ಲಿಯೇ ಪೂರ್ಣ ಪೈಸೆಗೆ ಏರಿಸಿದರೆ 1.63, ಎರಡೂ ಕೂಡಿದರೆ 3.26. ಒಂದು ಪೈಸೆ ಎಲ್ಲಿಂದ ಹುಟ್ಟಿತು? ಯಂತ್ರವೇನೂ ತಪ್ಪಲಿಲ್ಲ. ಮೊದಲು ಕೂಡಿ ಆಮೇಲೆ ಪೈಸೆಗೆ ಸರಿಪಡಿಸಬೇಕೇ, ಮೊದಲು ಸರಿಪಡಿಸಿ ಆಮೇಲೆ ಕೂಡಬೇಕೇ ಎಂಬುದನ್ನು ಯಾರೋ ಒಬ್ಬ ಪ್ರೋಗ್ರಾಂ ಬರೆದವನು ಎಲ್ಲಿಯೋ ಕುಳಿತು ನಿರ್ಧರಿಸಿದ್ದಾನೆ. ಯಂತ್ರ ಅದನ್ನು ಪಾಲಿಸಿದೆ. ಮೂವತ್ತು ವರ್ಷ ಖಾತೆ ಬರೆದ ನಮ್ಮ ಗುಮಾಸ್ತರಿಗೆ ಈ ಪ್ರಶ್ನೆಯ ಮರ್ಮ ತಕ್ಷಣ ಹೊಳೆಯುತ್ತದೆ. ಅವರಿಗೆ ಹೊಳೆಯುವುದು ಉನ್ನತ ಗಣಿತದಿಂದಲ್ಲ, ವ್ಯವಹಾರದ ಕ್ರಮವನ್ನು ಬಿಡಿಬಿಡಿಯಾಗಿ ಯೋಚಿಸುವ ಅಭ್ಯಾಸದಿಂದ. ಪ್ರೋಗ್ರಾಂ ಬರೆಯುವುದಕ್ಕೆ ಬೇಕಾದ ಮೊದಲ ಗುಣವೂ ಇದೇ.

ಕಲೆಗೂ ಗಣಕಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ಭಾವಿಸುವವರು ನಾವು ವಾಸವಾಗಿರುವ ಈ ನಗರದ ಚರಿತ್ರೆಯನ್ನೇ ಸ್ವಲ್ಪ ನೆನೆಯಬೇಕು. ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಸಂಖ್ಯಾಶಾಸ್ತ್ರದಲ್ಲಿ ಇಟ್ಟ ಮೊದಲ ಹೆಜ್ಜೆಗಳಲ್ಲಿ ಒಂದು, ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಜನರ ದೇಹದ ಅಳತೆಗಳನ್ನು ಕುರಿತು 1922ರಲ್ಲಿ ಬಂದ ಲೇಖನ. ಎರಡು ಜನಸಮುದಾಯಗಳು ಒಂದಕ್ಕೊಂದು ಎಷ್ಟು ಹತ್ತಿರ, ಎಷ್ಟು ದೂರ ಎಂಬ ಮಾನವಶಾಸ್ತ್ರದ ಪ್ರಶ್ನೆಯ ಬೆನ್ನು ಹತ್ತಿಯೇ ಅವರು, ಇಂದು ಜಗತ್ತಿನ ಗಣಕಗಳೆಲ್ಲ ಬಳಸುವ 'ಮಹಾಲನೋಬಿಸ್ ದೂರ' ಎಂಬ ಸೂತ್ರವನ್ನು ಕಂಡರು. 1931ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಬ್ರಿಟನ್ನಿನಿಂದ ಎಚ್.ಇ.ಸಿ.-2ಎಂ ಎಂಬ ಯಂತ್ರ ಬಂತು. ದೇಶದ ಮೊಟ್ಟಮೊದಲ ಡಿಜಿಟಲ್ ಗಣಕಯಂತ್ರವೆಂದು ಹೆಸರಾದದ್ದು ಅದೇ. ಅದು ಬಂದದ್ದು ಬೆಂಗಳೂರಿಗಲ್ಲ, ಈ ನಗರದ ಬಾರಾನಗರಕ್ಕೆ.

ಅದೇ ಸಂಸ್ಥೆಯ ಇನ್ನೊಂದು ಸಂಗತಿ ನಮ್ಮ ಹೋಟೆಲು ಬಂಧುಗಳಿಗೆ ವಿಶೇಷವಾಗಿ ರುಚಿಸೀತು. ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಒಂದು ತೆಲುಗು ಮನೆತನದಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ಗಣಿತದ ಎಂ.ಎ. ಮುಗಿಸಿ, ಯುದ್ಧಕಾಲದ ಸೈನ್ಯದ ಸರ್ವೇ ವಿಭಾಗದಲ್ಲಿ ಕೆಲಸ ಸಿಕ್ಕೀತೆಂದು ಸಂದರ್ಶನಕ್ಕಾಗಿ ಕಲ್ಕತ್ತೆಗೆ ಬಂದರು. ಕೆಲಸ ಸಿಕ್ಕಲಿಲ್ಲ. ಆದರೆ ಅವರು ಇಳಿದುಕೊಂಡಿದ್ದ ದಕ್ಷಿಣ ಭಾರತದ ಹೋಟೆಲಿನಲ್ಲಿ ಸಂಖ್ಯಾಶಾಸ್ತ್ರದ ತರಬೇತಿಗೆಂದು ಬಂದಿದ್ದ ಒಬ್ಬ ತರುಣ ಜತೆಯಾದ. ಮಹಾಲನೋಬಿಸರ ಸಂಸ್ಥೆಯ ಸುದ್ದಿ ಅವರಿಗೆ ಮುಟ್ಟಿದ್ದು ಅವನಿಂದ. 1941ರ ಜನವರಿಯಲ್ಲಿ ರಾವ್ ಅಲ್ಲಿ ಸೇರಿದರು. ಮುಂದೆ ಅವರು ಕೇಂಬ್ರಿಡ್ಜಿಗೆ ಹೋದದ್ದೂ ಸುಡಾನಿನಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು, ಅಂದರೆ ಒಂದು ವಸ್ತುಸಂಗ್ರಹಾಲಯದ ಪುರಾತತ್ತ್ವದ ಕೆಲಸಕ್ಕೆ. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಾಗ ಜಗತ್ತಿನ ಸಂಖ್ಯಾಶಾಸ್ತ್ರಜ್ಞರೆಲ್ಲ ತಲೆಬಾಗಿದರು. ಯಾವ ಮೇಜಿನ ಮೇಲೆ ಊಟ ಬಡಿಸಿದಾಗ ಯಾವ ವಿದ್ಯೆಯ ಮಾತು ನಡೆದಿರುತ್ತದೆಯೋ, ಬಲ್ಲವರಾರು!

ಇಂದಿನ ಕಲ್ಕತ್ತೆಗೆ ಬರೋಣ. ಯಾದವಪುರ ವಿಶ್ವವಿದ್ಯಾನಿಲಯದಲ್ಲಿ 2003ರಲ್ಲಿ ಆರಂಭವಾದ ಸಾಂಸ್ಕೃತಿಕ ಪಠ್ಯಗಳ ಹಾಗೂ ದಾಖಲೆಗಳ ಶಾಲೆಯೊಂದಿದೆ. ಇಂಗ್ಲಿಷ್ ಸಾಹಿತ್ಯದ ಹಿರಿಯ ಪ್ರಾಧ್ಯಾಪಕರಾದ ಸುಕಾಂತ ಚೌಧುರಿಯವರ ಮಾರ್ಗದರ್ಶನದಲ್ಲಿ ಈ ಶಾಲೆಯು 2013ರಲ್ಲಿ 'ಬಿಚಿತ್ರಾ' ಎಂಬ ಭಂಡಾರವನ್ನು ಲೋಕಕ್ಕೆ ಅರ್ಪಿಸಿತು. ರವೀಂದ್ರನಾಥ ಠಾಕೂರರ ಹಸ್ತಪ್ರತಿಗಳ 47 ಸಾವಿರಕ್ಕೂ ಮಿಕ್ಕ ಪುಟಗಳು, ಅಚ್ಚಾದ ಗ್ರಂಥಗಳ 90 ಸಾವಿರಕ್ಕೂ ಮಿಕ್ಕ ಪುಟಗಳು ಅದರಲ್ಲಿ ಸೇರಿವೆ. ಬರಿಯ ಚಿತ್ರ ತೆಗೆದು ಪೇರಿಸಿಟ್ಟಿದ್ದರೆ ಅದು ಗೋದಾಮಾಗುತ್ತಿತ್ತು. ಕವಿಯು ಒಂದೇ ಕವಿತೆಯನ್ನು ಹತ್ತು ಬಾರಿ ತಿದ್ದಿದ್ದರೆ, ಒಂದು ಪಾಠಕ್ಕೂ ಇನ್ನೊಂದಕ್ಕೂ ಇರುವ ಭೇದವನ್ನು ಅಧ್ಯಾಯದ ಮಟ್ಟದಲ್ಲಿ, ಪದ್ಯ ಅಥವಾ ವಾಕ್ಯವೃಂದದ ಮಟ್ಟದಲ್ಲಿ, ಕೊನೆಗೆ ಒಂದೊಂದು ಪದದ ಮಟ್ಟದಲ್ಲಿ ಹೋಲಿಸಿ ತೋರಿಸುವ 'ಪ್ರಭೇದ' ಎಂಬ ಪ್ರೋಗ್ರಾಮನ್ನು ಅಲ್ಲಿ ಸಿದ್ಧಪಡಿಸಿದರು. ಬಂಗಾಳಿ ಸಾಹಿತ್ಯ ಬಲ್ಲವರೂ ಗಣಕ ಬಲ್ಲವರೂ ಒಂದೇ ಮೇಜಿನ ಸುತ್ತ ಕುಳಿತದ್ದರಿಂದ ಇದು ಸಾಧ್ಯವಾಯಿತು. ಪಾಠಾಂತರವೆಂದರೇನು, ಯಾವ ಭೇದ ಕವಿಯದು, ಯಾವುದು ಲಿಪಿಕಾರನ ಕೈತಪ್ಪು ಎಂಬುದನ್ನು ಯಂತ್ರ ಬಲ್ಲವನೊಬ್ಬನೇ ಹೇಳಲಾರ. ನೂರೈವತ್ತು ಪ್ರತಿಗಳನ್ನು ಒಟ್ಟಿಗೆ ಹಿಡಿದು ಹೋಲಿಸುವುದು ಸಾಹಿತ್ಯ ಬಲ್ಲವನೊಬ್ಬನ ಆಯುಷ್ಯಕ್ಕೆ ಮೀರಿದ್ದು. ಈ ಎರಡು ಕಡೆಯವರ ನಡುವೆ ಮಾತುಕತೆ ಕೂಡಿಬರಬೇಕಾದರೆ, ಸಾಹಿತ್ಯದ ಕಡೆಯವರಿಗೆ ಯಂತ್ರದ ಭಾಷೆ ಅಲ್ಪಸ್ವಲ್ಪವಾದರೂ ತಿಳಿದಿರಬೇಕಲ್ಲವೆ?

ಈಗ ನಮ್ಮ ಕನ್ನಡದ ಮಾತು. ಛಂದಸ್ಸಿನ ಪಾಠವನ್ನು ನೆನಪಿಸಿಕೊಳ್ಳಿರಿ. ಹ್ರಸ್ವಾಕ್ಷರ ಲಘು, ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ, ವಿಸರ್ಗಗಳಿಂದ ಕೂಡಿದ್ದು ಗುರು, ವ್ಯಂಜನದಲ್ಲಿ ಕೊನೆಗೊಂಡದ್ದು ಗುರು. ಭಾಮಿನಿ ಷಟ್ಪದಿಯಾದರೆ 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಮೂರು-ನಾಲ್ಕು ಮೂರಾವೃತ್ತಿಯಾಗಿ ಕೊನೆಗೊಂದು ಗುರು. ಪದ್ಯಕ್ಕೆ ಒಟ್ಟು 102 ಮಾತ್ರೆ. ಗದುಗಿನ ಭಾರತವನ್ನು ಓದಿದ ಹುಡುಗನಿಗೆ ಇದು ಬಾಯಿಪಾಠ. ಇಷ್ಟು ನಿಯಮಗಳನ್ನು ಒಂದರ ಕೆಳಗೊಂದು, ಸಂದೇಹಕ್ಕೆಡೆಯಿಲ್ಲದಂತೆ ಬರೆದಿಟ್ಟರೆ ಅದು ಮುಕ್ಕಾಲು ಪಾಲು ಪ್ರೋಗ್ರಾಮೇ. ಉಳಿದ ಕಾಲು ಪಾಲು ಯಂತ್ರದ ವ್ಯಾಕರಣ. ಅದನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಮೊದಲ ಮುಕ್ಕಾಲು ಪಾಲು ಕಲಿಯಲು ವರ್ಷಗಳು ಬೇಕು, ಮತ್ತು ಅದು ಕಲಾ ವಿದ್ಯಾರ್ಥಿಯ ಬಳಿ ಆಗಲೇ ಇದೆ.

ಇನ್ನೂ ಹಿಂದಕ್ಕೆ ಹೋಗಬಹುದು. ಲಘು-ಗುರುಗಳೆಂಬ ಎರಡೇ ಚಿಹ್ನೆಗಳಿಂದ ಮೂರಕ್ಷರದ ಗಣಗಳನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದೆಂದು ಪಿಂಗಳನ ಪರಂಪರೆ ಪ್ರಸ್ತಾರ ಹಾಕಿ ತೋರಿಸಿತು. ಹತ್ತನೆಯ ಶತಮಾನದ ನಾಗವರ್ಮನು ತನ್ನ ಛಂದೋಂಬುಧಿಯಲ್ಲಿ ಆ ವಿದ್ಯೆಯನ್ನು ಕನ್ನಡಕ್ಕೆ ತಂದ. ಉತ್ತರ ಎಂಟು. ಯಮಾತಾರಾಜಭಾನಸಲಗಂ ಎಂಬ ಹತ್ತಕ್ಷರದ ಸೂತ್ರದಲ್ಲಿ ಎಲ್ಲಿಂದಾದರೂ ಸಾಲಾಗಿ ಮೂರಕ್ಷರ ತೆಗೆದರೆ ಒಂದೊಂದು ಗಣ ಸಿಕ್ಕುತ್ತದೆ. ಎಂಟೂ ಗಣಗಳು ಅದರಲ್ಲಡಗಿವೆ, ಒಂದೂ ಮರುಕಳಿಸುವುದಿಲ್ಲ. ಸೊನ್ನೆ ಮತ್ತು ಒಂದೆಂಬ ಎರಡೇ ಚಿಹ್ನೆಗಳ ಮೇಲೆ ನಿಂತಿರುವ ಗಣಕಶಾಸ್ತ್ರದಲ್ಲಿ ಇಂಥ ಸರಪಳಿಗಳನ್ನು ಇಂದಿಗೂ ಪಾಠವಾಗಿ ಹೇಳುತ್ತಾರೆ. ಗಣಕವನ್ನು ನಮ್ಮ ಪೂರ್ವಿಕರೇ ಕಂಡುಹಿಡಿದಿದ್ದರೆಂಬ ಜಂಬಕ್ಕೆ ಈ ಮಾತನ್ನು ಹೇಳುತ್ತಿಲ್ಲ. ಅಂಥ ಜಂಬ ಯಾರ ಹೊಟ್ಟೆಯನ್ನೂ ತುಂಬಿಸಿಲ್ಲ. ಹಳಗನ್ನಡ ಓದುವ ಹುಡುಗಿಗೆ ಈ ವಿದ್ಯೆ ಪರಕೀಯವಲ್ಲವೆಂಬುದಷ್ಟೇ ಇಲ್ಲಿ ಮುಖ್ಯ.

ಕನ್ನಡ ಬಲ್ಲವರು ಯಂತ್ರದ ಬಳಿಗೆ ಹೋಗದಿದ್ದರೆ ಆಗುವ ಅನರ್ಥಕ್ಕೂ ಒಂದು ದೃಷ್ಟಾಂತ ಕೊಡಬಹುದು. 'ಲಕ್ಷ್ಮಿ' ಎಂಬ ಹೆಸರಿನಲ್ಲಿ ಅಕ್ಷರಗಳೆಷ್ಟು? ಶಾಲೆಯ ಮಗುವೂ ಎರಡೆಂದು ಹೇಳುತ್ತದೆ. ಯಂತ್ರವನ್ನು ಕೇಳಿದರೆ ಏಳು ಎನ್ನುತ್ತದೆ. ಲಕಾರ, ಕಕಾರ, ಷಕಾರ, ಮಕಾರ, ಎರಡು ವಿರಾಮಚಿಹ್ನೆ, ಒಂದು ಗುಡಿಸು, ಒಟ್ಟು ಏಳು ಸಂಕೇತಗಳನ್ನು ಅದು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಇದನ್ನರಿಯದವನು ಬರೆದ ಪ್ರೋಗ್ರಾಂ, ಅರ್ಜಿಯ ಚೌಕದಲ್ಲಿ ಹೆಸರು ಹಿಡಿಸುವುದಿಲ್ಲವೆಂದು ನಮ್ಮ ಲಕ್ಷ್ಮಿಯನ್ನು ನಡುವೆ ಕತ್ತರಿಸೀತು. ಅಂತೆಯೇ ನಮ್ಮ ವರ್ಣಮಾಲೆಯಲ್ಲಿ ಅನುಸ್ವಾರ ಬರುವುದು ಸ್ವರಗಳ ಕೊನೆಗೆ, ಔಕಾರದ ನಂತರ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಾದರೋ ಅದು ಅಕಾರಕ್ಕಿಂತ ಮುಂಚೆಯೇ ಕುಳಿತಿದೆ. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೆಂದು ಯಂತ್ರಕ್ಕೆ ಬರಿದೇ ಹೇಳಿದರೆ ಅದು ತನ್ನ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆಯೇ ಹೊರತು ನಮ್ಮ ಮಗ್ಗಿ ಪುಸ್ತಕದ ಕ್ರಮದಲ್ಲಲ್ಲ. ಇವೆಲ್ಲ ತಿದ್ದಬಲ್ಲ ದೋಷಗಳು. ತಿದ್ದುವವರಿಗೆ ಕನ್ನಡ ಗೊತ್ತಿರಬೇಕು, ಅಷ್ಟೆ.

ಹಳಗನ್ನಡದಲ್ಲಿ ಶಿಥಿಲದ್ವಿತ್ವವೆಂಬುದೊಂದುಂಟು, ಅಲ್ಲಿ ಒತ್ತಕ್ಷರದ ಹಿಂದಿನದು ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಮೇಲೆ ಹೇಳಿದ ನಿಯಮಗಳಿಂದ ಕಟ್ಟಿದ ಪ್ರೋಗ್ರಾಂ ಅಲ್ಲಿ ಎಡವುತ್ತದೆ. ಎಡವಿತೆಂದು ಗೊತ್ತಾಗುವುದು ಯಾರಿಗೆ? ಕೇಶಿರಾಜನನ್ನು ಓದಿದವರಿಗೆ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ ಪ್ರೋಗ್ರಾಮನ್ನು ತಾವೇ ಬರೆದುಕೊಡುತ್ತವೆ, ಇನ್ನು ಮೇಲೆ ಯಾರೂ ಕಲಿಯಬೇಕಾಗಿಲ್ಲ ಎಂದು ಹೇಳುವವರಿದ್ದಾರೆ. ಬರೆದುಕೊಡುತ್ತವೆಂಬುದು ನಿಜ. ಆದರೆ ಬರೆದದ್ದು ಸರಿಯೇ ಎಂದು ನೋಡುವುದಕ್ಕೆ ಎರಡೂ ಬಲ್ಲ ಕಣ್ಣು ಬೇಕು. ಬಾಣಸಿಗನಿಗೆ ಹೇಳಿ ಸಾರು ಮಾಡಿಸಬಹುದು. ಉಪ್ಪು ಹೆಚ್ಚಾಯಿತೆಂದು ತಿಳಿಯಲು ನಾಲಗೆ ತನ್ನದೇ ಇರಬೇಕು.

ಕನ್ನಡದಲ್ಲಿ ಈ ದಿಕ್ಕಿನ ಕೆಲಸ ನಡೆದೇ ಇಲ್ಲವೆಂದಲ್ಲ. ಸಮಗ್ರ ವಚನ ಸಂಪುಟಗಳ 20 ಸಾವಿರಕ್ಕೂ ಮಿಕ್ಕ ವಚನಗಳನ್ನು ಒಂದೊಂದು ಪದವನ್ನೂ ಹುಡುಕಬಲ್ಲಂತೆ ಅಣಿಗೊಳಿಸಿದ 'ವಚನ ಸಂಚಯ'ದಲ್ಲಿ ಗಣಕತಜ್ಞರೊಡನೆ ಓ.ಎಲ್. ನಾಗಭೂಷಣಸ್ವಾಮಿಯವರಂಥ ಸಾಹಿತ್ಯದ ಅಧ್ಯಾಪಕರು ಕೈಗೂಡಿಸಿದರು. ಮಕ್ಕಳಿಗೆ ಪ್ರೋಗ್ರಾಂ ಕಲಿಸುವ ಲೋಗೋ ಭಾಷೆಗೆ ಯು.ಬಿ. ಪವನಜ ಅವರು ಕನ್ನಡದ ಆಜ್ಞೆಗಳನ್ನು ತೊಡಿಸಿದರು. ನಮ್ಮ ಈ ನಗರದಲ್ಲಿಯೇ, ಯಂತ್ರಗಳಿಗಿಂತ ಮುಂಚಿನ ದಿನಗಳಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿ ಬಂದಿದ್ದ ಬಳ್ಳಾರಿ ಶಾಮಣ್ಣ ಕೇಶವನ್ ಅವರು ಸ್ವತಂತ್ರ ಭಾರತದ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾಗಿ, ದೇಶದ ಎಲ್ಲ ಭಾಷೆಗಳ ಪುಸ್ತಕಗಳನ್ನೂ ಒಂದೇ ಲಿಪಿಯಲ್ಲಿ, ಒಂದೇ ಕ್ರಮದಲ್ಲಿ ಪಟ್ಟಿ ಮಾಡುವ ರಾಷ್ಟ್ರೀಯ ಗ್ರಂಥಸೂಚಿಯನ್ನು ಆರಂಭಿಸಿದರು. ಕನ್ನಡ, ಬಂಗಾಳಿ, ತಮಿಳು ಹೆಸರುಗಳನ್ನು ಒಂದೇ ಸಾಲಿನಲ್ಲಿ ಹೇಗೆ ನಿಲ್ಲಿಸಬೇಕೆಂದು ಅವರು ಎದುರಿಸಿದ ಸಮಸ್ಯೆಯೇ ಇಂದು ಯಂತ್ರದ ಮುಂದೆ ಕುಳಿತವರ ಸಮಸ್ಯೆಯೂ ಆಗಿದೆ.

ಸರಕಾರಗಳ ನಡೆಯನ್ನು ಕುರಿತು ಹೆಚ್ಚು ಹೇಳುವಂಥದ್ದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ಕರ್ನಾಟಕವು 2021ರಲ್ಲಿ ಬಿ.ಎ. ತರಗತಿಗಳಿಗೂ 'ಡಿಜಿಟಲ್ ಫ್ಲುಯೆನ್ಸಿ' ಎಂಬ ಪತ್ರಿಕೆಯನ್ನು ತಂದಿತು; 2024ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟು ಹಳೆಯ ಮೂರು ವರ್ಷದ ಪದವಿಗೆ ಮರಳಿತು. ಪಶ್ಚಿಮ ಬಂಗಾಳವು 2023ರಿಂದ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿ, ತನ್ನ ವಿಭಾಗದ ಹೊರಗಿನ ವಿಷಯವನ್ನೂ ಓದಲು ಅವಕಾಶವಿತ್ತಿದೆ. ನೀತಿಗಳು ಬರುತ್ತವೆ, ಹೋಗುತ್ತವೆ. ಪಾಠ ಹೇಗೆ ನಡೆಯುತ್ತದೆಂಬುದು ಮುಖ್ಯ. ಯಂತ್ರವನ್ನು ಮುಟ್ಟಿಸದೆ ಗಣಕದ ಅಂಗಗಳ ಹೆಸರುಗಳನ್ನು ಉರುಹೊಡೆಸಿ ಪರೀಕ್ಷೆ ಮಾಡುವುದಾದರೆ, ಅದಕ್ಕಿಂತ ಆ ಗಂಟೆಯಲ್ಲಿ ಇನ್ನೊಂದು ಕಾದಂಬರಿಯನ್ನು ಓದಿಸುವುದೇ ಮೇಲು. ಇಂಜಿನಿಯರಿಂಗಿನ ಪಾಠವನ್ನು ನೀರು ಬೆರೆಸಿ ಬಡಿಸುವುದೂ ಅಷ್ಟೇ ನಿಷ್ಫಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ, ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರು 1964ರ ಮೇ 1ರಂದು ಬೇಸಿಕ್ ಎಂಬ ಸರಳ ಭಾಷೆಯನ್ನು ಮೊದಲು ನಡೆಸಿ ನೋಡಿದರು. ತಮ್ಮ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ಕಲೆ, ಸಮಾಜಶಾಸ್ತ್ರಗಳವರು, ಅವರಿಗೂ ಯಂತ್ರ ದಕ್ಕಬೇಕೆಂಬುದೇ ಅವರ ಉದ್ದೇಶವಾಗಿತ್ತು. ವಿದ್ಯಾರ್ಥಿಯನ್ನು ಯಂತ್ರಕ್ಕೆ ಹೊಂದಿಸದೆ ಯಂತ್ರದ ಭಾಷೆಯನ್ನು ವಿದ್ಯಾರ್ಥಿಗೆ ಹೊಂದಿಸಿದ ಆ ವಿವೇಕ ಅರುವತ್ತು ವರ್ಷ ಕಳೆದರೂ ನಮ್ಮಲ್ಲಿ ಎಲ್ಲೆಡೆ ಬಂದಿಲ್ಲ.

ಲೆಕ್ಕದ ಭಯವುಳ್ಳ ಮಕ್ಕಳಿಗೆ ಇದು ಸಾಧ್ಯವೇ ಎಂಬ ಸಂದೇಹಕ್ಕೆ ಮೇಲಿನ ದೋಸೆಯ ಬಿಲ್ಲಿನಲ್ಲಿಯೂ ಷಟ್ಪದಿಯಲ್ಲಿಯೂ ಉತ್ತರವಿದೆ. ಆರಂಭದ ಪಾಠಕ್ಕೆ ಬೇಕಾದ ಗಣಿತ ಏಳನೆಯ ತರಗತಿಯದು. ಇಂಗ್ಲಿಷಿನ ತೊಡಕು ಇದಕ್ಕಿಂತ ನಿಜವಾದದ್ದು. ಈಗ ಹೆಚ್ಚಾಗಿ ಕಲಿಸುವ ಪೈಥಾನ್ ಎಂಬ ಭಾಷೆಯಲ್ಲಿ ಕಾಯಂ ಆಜ್ಞೆಗಳೆಲ್ಲ ಇಂಗ್ಲಿಷ್ ಪದಗಳೇ. ಆದರೆ ಅವು ಮೂವತ್ತೈದರ ಆಸುಪಾಸಿನಲ್ಲಿವೆ. ಬಾಕಿ, ಕೂಲಿ, ಮೊತ್ತ ಎಂಬಂಥ ಹೆಸರುಗಳನ್ನು ನಾವು ಕನ್ನಡ ಲಿಪಿಯಲ್ಲಿಯೇ ಇಟ್ಟುಕೊಳ್ಳಬಹುದು, ಯಂತ್ರ ಅವನ್ನು ಒಪ್ಪುತ್ತದೆ. ಮೂವತ್ತೈದು ಪದಗಳಿಗೆ ಅಂಜುವ ಜನ ನಾವಲ್ಲ. ಊರಿನಿಂದ ಬಂದ ಮೊದಲ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಬಂಗಾಳಿ ಪದಗಳನ್ನು ಗಿರಾಕಿಗಳಿಂದಲೇ ಕಲಿತವರು.

ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಬಂಗಾಳಿ, ಇಂಗ್ಲಿಷು ಓದಿದವರು. ಕನ್ನಡ ಅವರಿಗೆ ಮನೆಯ ಮಾತು ಮಾತ್ರ. ಅವರು ರವೀಂದ್ರರ ಕವಿತೆಯ ಪದಗಳನ್ನು ಎಣಿಸಲಿ, ಚರಿತ್ರೆಯ ವಿದ್ಯಾರ್ಥಿ ಜನಗಣತಿಯ ಕೋಷ್ಟಕಗಳನ್ನು ಬಿಡಿಸಲಿ. ಕಲಿಯುವ ಕ್ರಮ ಒಂದೇ. ಮನೆಯಲ್ಲಿ ಕನ್ನಡ ಲಿಪಿ ಕಲಿಸಿದ್ದರೆ ಅದಕ್ಕೂ ಹೊಸದೊಂದು ಉಪಯೋಗ ಒದಗುತ್ತದೆ.

ಇನ್ನು ನಾವು ಮಾಡಬಹುದಾದದ್ದು. ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮುನ್ನ ತಂದೆತಾಯಿಗಳು ಒಂದು ಪ್ರಶ್ನೆ ಕೇಳಲಿ: 'ಪಾಠ ಮುಗಿದ ಮೇಲೆ ನಮ್ಮ ಮಗಳು ಏನೂ ಬರೆಯದ ತೆರೆಯ ಮುಂದೆ ಕುಳಿತು, ತನ್ನದೇ ಒಂದು ಪ್ರಶ್ನೆಗೆ ತಾನೇ ಪ್ರೋಗ್ರಾಂ ಬರೆದು ಉತ್ತರ ಪಡೆಯಬಲ್ಲಳೇ?' ಹೌದೆಂದರೆ, ಹಿಂದೆ ಕಲಿತುಹೋದವರು ಬರೆದದ್ದನ್ನು ತೋರಿಸಿರೆಂದು ಕೇಳಲಿ. ಉತ್ತರಕ್ಕೆ ತಡವರಿಸಿದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಬರುವುದು ಲೇಸು. ಮದರಾಸಿನ ಐ.ಐ.ಟಿ.ಯು 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಹನ್ನೆರಡನೆಯ ತರಗತಿಯಲ್ಲಿ ಕಲಾ ವಿಭಾಗದಿಂದ ತೇರ್ಗಡೆಯಾದವರೂ ಸೇರಬಹುದು. ಹತ್ತನೆಯಲ್ಲಿ ಗಣಿತವೂ ಇಂಗ್ಲಿಷೂ ಇದ್ದಿರಬೇಕು, ಅಲ್ಲಿಯವರು ಕೆಲವು ವಾರ ಪಾಠ ಹೇಳಿ ನಡೆಸುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪಾಠಗಳು ಮನೆಗೇ ಬರುತ್ತವೆ, ಕಡಿಮೆ ಆದಾಯದವರಿಗೆ ಶುಲ್ಕದಲ್ಲಿ ರಿಯಾಯಿತಿಯುಂಟು, ಬೇರೊಂದು ಕಾಲೇಜಿನ ಪದವಿಯ ಜತೆಯಲ್ಲಿಯೇ ಓದುವವರೂ ಇದ್ದಾರೆ. ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಶ್ರಮವೂ ಕಡಿಮೆಯದಲ್ಲ. ಇದನ್ನು ಮೊದಲೇ ತಿಳಿದು ಹೆಜ್ಜೆಯಿಡಬೇಕು.

ಇಲ್ಲಿಯ ಕಚೇರಿಗಳಲ್ಲಿ ಗಣಕದ ಕೆಲಸ ಮಾಡುವ ಕನ್ನಡ ತರುಣರು ಕೆಲವರಾದರೂ ಇದ್ದಾರೆ. ವಾರಕ್ಕೊಂದು ದಿನ, ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ಕಾಫಿಗೆ ಇನ್ನೂ ಒಲೆ ಹಚ್ಚದ ಮೂರರಿಂದ ಐದರ ಹೊತ್ತಿನಲ್ಲಿ, ಒಂದು ಕೊಠಡಿಯನ್ನು ಬಿಟ್ಟುಕೊಡಬಲ್ಲ ಹೋಟೆಲು ಮಾಲಿಕರೂ ಇಲ್ಲದಿಲ್ಲ. ಕಚೇರಿಗಳಲ್ಲಿ ಹೊಸ ಯಂತ್ರ ತಂದು ಹಳೆಯದನ್ನು ಮಾರುವಾಗ ಎರಡು ಮೂರನ್ನು ಕೊಳ್ಳುವುದು ದೊಡ್ಡ ಖರ್ಚಲ್ಲ. ಪೈಥಾನಿಗಂತೂ ಬೆಲೆಯೇ ಇಲ್ಲ. ಮೊಬೈಲಿನಲ್ಲಿ ಪಾಠ ಕೇಳಬಹುದಾದರೂ ಬರೆದು ಅಭ್ಯಾಸ ಮಾಡಲು ಕೀಲಿಮಣೆಯುಳ್ಳ ಯಂತ್ರವೇ ಬೇಕು. ಪಾಠ ಹೇಳುವವರು ಪುಸ್ತಕದ ಮೊದಲ ಪುಟದಿಂದ ಆರಂಭಿಸದಿರಲಿ. ಮೊದಲ ವಾರ ದೋಸೆಯ ಬಿಲ್ಲು. ಎರಡನೆಯ ವಾರ 'ಲಕ್ಷ್ಮಿ'ಯ ಅಕ್ಷರಗಳು. ಲಘು-ಗುರುವಿನವರೆಗೆ ಬರುವಷ್ಟರಲ್ಲಿ ಬಿ.ಎ. ಹುಡುಗಿಯೇ ಪಾಠ ಹೇಳುವವರನ್ನು ತಿದ್ದತೊಡಗುವ ಸಂಭವವುಂಟು. ಅದಕ್ಕೆ ಅವರು ಬೇಸರಪಡದಿರಲಿ. ಕೊಠಡಿಯೋ, ಹಳೆಯ ಯಂತ್ರವೋ, ಎರಡು ಗಂಟೆಯ ಬಿಡುವೋ ಇರುವವರು ನಮ್ಮ ಕಚೇರಿಗೆ ಒಂದು ಕಾಗದ ಬರೆದರೆ, ಒಬ್ಬರನ್ನೊಬ್ಬರಿಗೆ ಪರಿಚಯಿಸುವ ಕೆಲಸವನ್ನು ನಾವು ಸಂತೋಷದಿಂದ ವಹಿಸಿಕೊಳ್ಳುತ್ತೇವೆ.